ಊರಿಗೆಲ್ಲ ಜಾನ್ ಜೋನ್ಸ್: ವೇಲ್ಸ್‌ನಲ್ಲಿ ಹಿರೀಕರನ್ನು ಹುಡುಕುವುದು ಹೇಗೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ಮರಣ ನೋಂದಣಿಯನ್ನು ನೋಡಿಕೊಳ್ಳುತ್ತಿದ್ದ ರಿಜಿಸ್ಟ್ರಾರ್ ಜನರಲ್ ಕಚೇರಿ 1850ರ ದಶಕದ ತನ್ನ ಒಂದು ವರದಿಯಲ್ಲಿ ವೇಲ್ಸ್‌ನ ಹೆಸರುಗಳ ಬಗ್ಗೆ ಗೊಣಗಿಕೊಂಡಿತ್ತು. ಸಂತೆಯ ನಡುವೆ ನಿಂತು ಜಾನ್ ಜೋನ್ಸ್ ಎಂದು ಕೂಗಿದರೆ ಅದು ಯಾರೊಬ್ಬರನ್ನೂ ಕರೆದ ಹಾಗಾಗುವುದಿಲ್ಲ ಎಂಬುದು ಅದರ ಸಾರ. ದಾಖಲೆ ಬರೆಯುವುದೇ ಕೆಲಸವಾಗಿದ್ದ ಕಚೇರಿಯ ಮಾತು ಇದು. ಇನ್ನು ನೂರೈವತ್ತು ವರ್ಷದ ನಂತರ ಅದೇ ದಾಖಲೆಗಳಲ್ಲಿ ತನ್ನ ಮುತ್ತಜ್ಜನನ್ನು ಹುಡುಕುವವರ ಪಾಡು ಊಹಿಸಿಕೊಳ್ಳಿ.

ವಂಶಾವಳಿ ಹುಡುಕಾಟದಲ್ಲಿ ವೇಲ್ಸ್‌ಗೆ ಕಷ್ಟದ ಜಾಗ ಎಂಬ ಹೆಸರಿದೆ. ದಾಖಲೆಗಳು ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಸರನ್ನು ಹಿಡಿದು ಹೊರಟರೆ ದಾರಿ ತಪ್ಪುವುದು ಖಂಡಿತ. ಹೆಸರಿನ ಬದಲು ಮನೆಯನ್ನು ಹಿಡಿಯಬೇಕು. ಯಾವ ಹೊಲಮನೆ, ಯಾವ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆ), ಪಕ್ಕದಲ್ಲಿ ಯಾರಿದ್ದರು, ಮದುವೆಗೆ ಸಾಕ್ಷಿ ಹಾಕಿದವರು ಯಾರು ಎಂಬುದನ್ನು ನೋಡಬೇಕು. ಯಾಕೆ ಹೀಗೆ ಅಂತ ತಿಳಿಯಲು ಹೆಸರುಗಳ ಕಥೆಯಿಂದಲೇ ಶುರುಮಾಡೋಣ.

ಅಪ್ಪನ ಹೆಸರು ಮಗನ ಬಾಲಕ್ಕೆ

ವೇಲ್ಸ್‌ನಲ್ಲಿ ಮೊದಲು ಮನೆತನದ ಹೆಸರು ಎಂಬುದೇ ಇರಲಿಲ್ಲ. ಒಬ್ಬನ ಹೆಸರಿನ ಜೊತೆ ಅಪ್ಪನ ಹೆಸರು ಬರುತ್ತಿತ್ತು, ಅಷ್ಟೇ. ನಮ್ಮಲ್ಲಿ ಅಪ್ಪನ ಹೆಸರು ಇನಿಶಿಯಲ್ ಆಗಿ ಕೂರುತ್ತದಲ್ವಾ, ಹೆಚ್ಚುಕಡಿಮೆ ಹಾಗೇ. ಮಗನಾದರೆ ನಡುವೆ 'ಅಪ್' ಅಥವಾ 'ಅಬ್', ಮಗಳಾದರೆ 'ವೆರ್ಚ್'. ಹವೆಲ್‌ನ ಮಗ ರೀಸ್ ಎಂದರೆ ರೀಸ್ ಅಪ್ ಹವೆಲ್. ಅವನ ಮಗ ಓವೈನ್ ಅಪ್ ರೀಸ್. ತಲೆಮಾರಿಗೊಮ್ಮೆ ಕೊನೆಯ ಹೆಸರು ಬದಲಾಗುತ್ತಲೇ ಹೋಗುತ್ತದೆ.

1536 ಮತ್ತು 1543ರ ಕಾಯ್ದೆಗಳು ವೇಲ್ಸ್ ಅನ್ನು ಇಂಗ್ಲೆಂಡಿನ ಆಡಳಿತಕ್ಕೆ ಪೂರ್ತಿ ಸೇರಿಸಿದವು. ಕೋರ್ಟು ಕಚೇರಿಯ ಭಾಷೆ ಇಂಗ್ಲಿಷ್ ಆಯಿತು. ಜಮೀನ್ದಾರರು ಇಂಗ್ಲಿಷರಂತೆ ಒಂದೇ ಮನೆತನದ ಹೆಸರಿಗೆ ಅಂಟಿಕೊಂಡರು. 'ಅಪ್' ಎಂಬುದು ಮುಂದಿನ ಹೆಸರಿಗೆ ಕರಗಿತು. ಅಪ್ ರೀಸ್ ಹೋಗಿ ಪ್ರೈಸ್, ಅಪ್ ಹವೆಲ್ ಹೋಗಿ ಪೊವೆಲ್, ಅಪ್ ಹ್ಯಾರಿ ಹೋಗಿ ಪ್ಯಾರಿ, ಅಪ್ ಹ್ಯೂ ಹೋಗಿ ಪ್ಯೂ, ಅಬ್ ಓವೈನ್ ಹೋಗಿ ಬೋವೆನ್, ಅಬ್ ಇವಾನ್ ಹೋಗಿ ಬೆವಾನ್. ಉಳಿದವರು ಅಪ್ಪನ ಹೆಸರಿನ ಕೊನೆಗೆ ಇಂಗ್ಲಿಷಿನ 'ಸ್' ಸೇರಿಸಿಕೊಂಡರು. ಜಾನ್‌ನ ಮಗ ಜೋನ್ಸ್, ಇವಾನ್‌ನ ಮಗ ಇವಾನ್ಸ್, ಡೇವಿಡ್‌ನ ಮಗ ಡೇವಿಸ್, ವಿಲಿಯಂನ ಮಗ ವಿಲಿಯಮ್ಸ್. ಆಗ ಚಾಲ್ತಿಯಲ್ಲಿದ್ದ ಗಂಡು ಹೆಸರುಗಳೇ ಕೆಲವು. ಹಾಗಾಗಿ ಮನೆತನದ ಹೆಸರುಗಳೂ ಕೆಲವೇ ಆದವು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಗಡಿಯ ಕಡೆ ಮತ್ತು ದೊಡ್ಡ ಮನೆಗಳಲ್ಲಿ ಬೇಗ ಆಯಿತು. ಪಶ್ಚಿಮ ಮತ್ತು ಉತ್ತರದ ಹಳ್ಳಿಗಳಲ್ಲಿ ಹಳೆಯ ಪದ್ಧತಿ 19ನೇ ಶತಮಾನದವರೆಗೂ ಎಳೆಯಿತು. ಆ ಎಳೆದಾಟದ ಕಾಲವೇ ಹುಡುಕುವವರಿಗೆ ತಲೆನೋವು. ಜಾನ್ ಇವಾನ್ಸ್ ಎಂಬವನಿಗೆ ಇಬ್ಬರು ಗಂಡುಮಕ್ಕಳಿದ್ದರೆ ಒಬ್ಬ ಅಪ್ಪನ ಮೊದಲ ಹೆಸರಿನಿಂದ ಜೋನ್ಸ್ ಆಗಬಹುದು, ಇನ್ನೊಬ್ಬ ಇವಾನ್ಸ್ ಆಗಿಯೇ ಉಳಿಯಬಹುದು. ಒಂದೇ ಅಪ್ಪ ಅಮ್ಮ, ಎರಡು ಮನೆತನದ ಹೆಸರು. ಹೆಂಗಸರ ವಿಷಯ ಇನ್ನೊಂದು ಥರ. ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುವ ರೂಢಿ ಹಲವು ಕಡೆ ಇತ್ತು. ವಿಧವೆಯಾದ ಮೇಲೆ ತವರಿನ ಹೆಸರಿಗೆ ಮರಳಿದವರೂ ಇದ್ದಾರೆ. ಗಂಡನ ಹೆಸರಿನಲ್ಲಿ ಅವಳ ಸಾವನ್ನು ಹುಡುಕಿದರೆ ಸಿಗುವುದಿಲ್ಲ, ಅವಳು ತನ್ನ ಹೆಸರಿನಲ್ಲೇ ಮಣ್ಣಾಗಿರುತ್ತಾಳೆ.

ಊರಿನವರಿಗೆ ಮಾತ್ರ ಇದ್ಯಾವ ಗೊಂದಲವೂ ಇರಲಿಲ್ಲ. ಅವರು ಜೋನ್ಸ್ ಅಂತ ಕರೆಯುತ್ತಲೇ ಇರಲಿಲ್ಲ. ಹೊಲಮನೆಯ ಹೆಸರಿನಿಂದಲೋ ಕಸುಬಿನಿಂದಲೋ ಕರೆಯುತ್ತಿದ್ದರು. ಹಾಲಿನ ಜೋನ್ಸ್, ಕಲ್ಲಿದ್ದಲ ಇವಾನ್ಸ್, ಪೆನ್ರಿವ್ ಮನೆಯ ಡಾಯ್ ಎಂದರೆ ಎಲ್ಲರಿಗೂ ಗೊತ್ತು. ದಾಖಲೆ ಬರೆದವರು ಕೈಬಿಟ್ಟದ್ದು ಬಹಳ ಸಲ ಈ ಭಾಗವನ್ನೇ.

ಗಣತಿದಾರ ಬರೆದದ್ದು, ಮನೆಯವರು ಹೇಳಿದ್ದು

ಬ್ರಿಟನ್ನಿನಲ್ಲಿ ಜನಗಣತಿ 1801ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯಿತು. ಮೊದಲ ನಾಲ್ಕು ಹೆಚ್ಚುಕಡಿಮೆ ತಲೆ ಎಣಿಕೆ ಮಾತ್ರ. ದೇಶಾದ್ಯಂತ ಹೆಸರು ಸಮೇತ ಸಿಗುವುದು 1841ರಿಂದ. ಆದರೆ 1841ರ ಗಣತಿಯನ್ನು ಓದುವುದಕ್ಕೆ ಒಂದು ಎಚ್ಚರ ಬೇಕು. ಅದರಲ್ಲಿ 15 ವರ್ಷ ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕಿತ್ತು. 44 ವರ್ಷದವನು 40 ಆದ, 29ರವಳು 25 ಆದಳು. ಕೆಲವು ಗಣತಿದಾರರು ಸರಿಯಾದ ವಯಸ್ಸನ್ನೇ ಬರೆದರು, ಕೆಲವರು ನಿಯಮ ಪಾಲಿಸಿದರು. ಹುಟ್ಟಿದ ಊರನ್ನು ಕೇಳಲಿಲ್ಲ, ಇದೇ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಹುಟ್ಟಿದ್ದಾ ಅಲ್ವಾ ಅಂತ ಮಾತ್ರ ಕೇಳಿದರು. ಮನೆಯೊಳಗಿನವರಿಗೆ ಪರಸ್ಪರ ಏನು ಸಂಬಂಧ ಎಂಬುದೂ ಇಲ್ಲ. 40 ವರ್ಷದ ಗಂಡಸು, 35ರ ಹೆಂಗಸು ಒಂದೇ ಮನೆಯಲ್ಲಿದ್ದರೆ ಗಂಡ ಹೆಂಡತಿ ಎಂದು ತೀರ್ಮಾನಿಸಿಬಿಡುತ್ತೇವೆ. ಅಣ್ಣ ತಂಗಿಯೂ ಇರಬಹುದು.

1851ರಿಂದ ಸಂಬಂಧ, ಸರಿಯಾದ ವಯಸ್ಸು, ಹುಟ್ಟಿದ ಪ್ಯಾರಿಷ್ ಎಲ್ಲ ಬರುತ್ತವೆ. ಇಲ್ಲಿಂದ ಹುಡುಕಾಟ ಹಗುರವಾಗುತ್ತದೆ. ಆದರೂ ನಮ್ಮ ಕೈಗೆ ಸಿಗುವುದು ಮನೆಯವರು ತುಂಬಿದ ಫಾರಂ ಅಲ್ಲ. 1901ರವರೆಗಿನ ಆ ಫಾರಂಗಳು ಉಳಿದಿಲ್ಲ. ಗಣತಿದಾರ ಅವನ್ನು ನೋಡಿ ತನ್ನ ಪುಸ್ತಕಕ್ಕೆ ಮಾಡಿಕೊಂಡ ನಕಲು ಮಾತ್ರ ಇದೆ. ನಕಲು ಮಾಡುವಾಗ ಅವನು ಎರಡು ಕೆಲಸ ಮಾಡುತ್ತಿದ್ದ. ಒಂದು, ವೆಲ್ಷ್ ಹೆಸರನ್ನು ಇಂಗ್ಲಿಷ್ ಮಾಡುವುದು. ಶಾನ್ ಇದ್ದವಳು ಜೇನ್ ಆದಳು, ಮಾಲಿ ಮೇರಿ ಆದಳು, ಗಿಟೊ ಗ್ರಿಫಿತ್ ಆದ, ಲೌರಿ ಲಾರಾ ಆದಳು. ಇನ್ನೊಂದು, ಮನೆಯ ಯಜಮಾನನ ಮನೆತನದ ಹೆಸರನ್ನು ಬರೆದು ಕೆಳಗಿನ ಸಾಲುಗಳಿಗೆಲ್ಲ 'ಮೇಲಿನಂತೆ' ಎಂಬ ಗುರುತು ಹಾಕಿಬಿಡುವುದು. ಅಪ್ಪ ಇವಾನ್ಸ್, ಮಗ ಜೋನ್ಸ್ ಆಗಿದ್ದ ಮನೆಯಲ್ಲಿ ಈ ಗುರುತು ಎಲ್ಲರನ್ನೂ ಇವಾನ್ಸ್ ಮಾಡುತ್ತದೆ. ಗಣತಿಯ ತಪ್ಪುಗಳಲ್ಲಿ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮೋಸದ್ದು. ನೋಡಲು ತಪ್ಪಿನ ಹಾಗೆ ಕಾಣಿಸುವುದೇ ಇಲ್ಲ.

ಹುಟ್ಟಿದ ಊರಿನ ಅಂಕಣದಲ್ಲಿ ಇನ್ನೊಂದು ಗುಂಡಿ ಇದೆ. ವೇಲ್ಸ್‌ನ ಪ್ಯಾರಿಷ್‌ಗಳಿಗೆ ಸಂತರ ಹೆಸರು ಜಾಸ್ತಿ. ಮೈಕೇಲ್ ಸಂತನ ಚರ್ಚಿದ್ದ ಊರೆಲ್ಲ ಲಾನ್‌ವಿಹಾಂಗೆಲ್, ಮೇರಿಯ ಚರ್ಚಿದ್ದ ಊರೆಲ್ಲ ಲಾನ್‌ವೈರ್. ಪಶ್ಚಿಮದ ಕಾರ್ಡಿಗನ್‌ಶೈರ್ ಕೌಂಟಿ ಒಂದರಲ್ಲೇ ಲಾನ್‌ವಿಹಾಂಗೆಲ್ ಅ ಕ್ರೈದಿನ್, ಲಾನ್‌ವಿಹಾಂಗೆಲ್ ಗೆನೈರ್ ಗ್ಲಿನ್, ಲಾನ್‌ವಿಹಾಂಗೆಲ್ ಅಸ್ತ್ರಾದ್ ಇವೆ. ಗಣತಿಯಲ್ಲಿ ಬರೀ ಲಾನ್‌ವಿಹಾಂಗೆಲ್ ಎಂದಿದ್ದರೆ ಯಾವುದು ಅಂತ ಹೇಳುವುದು? ಎಲ್ಲವನ್ನೂ ನೋಡುವುದೇ ದಾರಿ. ಜೊತೆಗೆ ವಲಸೆ ಹೋದವರು ಊರು ಹೇಳುವಾಗ ಹತ್ತಿರದ ದೊಡ್ಡ ಪೇಟೆಯ ಹೆಸರನ್ನು ಹೇಳಿಬಿಡುತ್ತಿದ್ದರು. ಆದ್ದರಿಂದ ಒಬ್ಬನ ಹುಟ್ಟೂರನ್ನು ಒಂದು ಗಣತಿಯಲ್ಲಿ ನೋಡಿ ನಂಬಬೇಡಿ. ಸಿಗುವ ಎಲ್ಲ ಗಣತಿಗಳಲ್ಲೂ ನೋಡಿ. ಅತಿ ಚಿಕ್ಕ ಊರಿನ ಹೆಸರು ಯಾವುದರಲ್ಲಿ ಬಂದಿದೆಯೋ ಅದು ನಿಜವಾಗಿರುವ ಸಂಭವ ಜಾಸ್ತಿ.

ಸಂಬಂಧದ ಅಂಕಣವನ್ನೂ ಇಂದಿನ ಅರ್ಥದಲ್ಲಿ ಓದಬಾರದು. ಎಂಟು ವರ್ಷದ ಹುಡುಗನನ್ನು ಅಳಿಯ ಎಂದು ಬರೆದಿರುವುದು ಕಂಡರೆ ಗಾಬರಿಯಾಗಬೇಡಿ. ಆ ಕಾಲದ ಇಂಗ್ಲಿಷಿನಲ್ಲಿ ಹೆಂಡತಿಯ ಮೊದಲ ಮದುವೆಯ ಮಗನಿಗೂ ಅದೇ ಮಾತು ಬಳಸುತ್ತಿದ್ದರು. ಮದುವೆಯಾಗದ ಮಗಳಿಗೆ ಹುಟ್ಟಿದ ಮಗುವನ್ನು ಅಜ್ಜ ಅಜ್ಜಿ ತಮ್ಮದೇ ಮಗ ಎಂದು ಬರೆಸಿರುವುದೂ ಉಂಟು. ಅಜ್ಜಿಗೆ 50 ದಾಟಿದ್ದು, ಕೊನೆಯ ಮಗುವಿಗೂ ಅದರ ಹಿಂದಿನ ಮಗುವಿಗೂ ನಡುವೆ ಹನ್ನೆರಡು ವರ್ಷ ಅಂತರವಿದ್ದರೆ ಅನುಮಾನ ಪಡಲೇಬೇಕು.

1891ರಿಂದ ವೇಲ್ಸ್‌ನಲ್ಲಿ ಭಾಷೆಯ ಪ್ರಶ್ನೆಯೂ ಸೇರಿತು: ವೆಲ್ಷ್ ಮಾತ್ರವಾ, ಇಂಗ್ಲಿಷ್ ಮಾತ್ರವಾ, ಎರಡೂನಾ? ವೆಲ್ಷ್ ಮಾತ್ರ ಎಂದವರ ಸಂಖ್ಯೆಯನ್ನು ಅಧಿಕಾರಿಗಳೇ ನಂಬಲಿಲ್ಲ, ಭಾಷಾಭಿಮಾನದಿಂದ ಹಾಗೆ ಬರೆಸಿದ್ದಾರೆ ಎಂದರು. ಜಗಳ ಏನೇ ಇರಲಿ, ನಮಗೆ ಇದು ಉಪಯೋಗದ ಅಂಕಣ. ಅಕ್ಕಪಕ್ಕದ ಇಬ್ಬರು ಡೇವಿಡ್ ಡೇವಿಸ್‌ಗಳನ್ನು ಬೇರೆ ಮಾಡಲು ಎಷ್ಟೋ ಸಲ ಇದೇ ನೆರವಿಗೆ ಬರುತ್ತದೆ. 1911ರದ್ದು ಇನ್ನೂ ಒಳ್ಳೆಯದು. ಅದರಲ್ಲಿ ಮನೆಯವರೇ ಕೈಯಾರೆ ತುಂಬಿದ ಫಾರಂ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಸತ್ತವರೆಷ್ಟು ಎಂದೂ ಕೇಳಿದ್ದಾರೆ. ಎರಡು ಗಣತಿಗಳ ನಡುವೆ ಹುಟ್ಟಿ ತೀರಿಕೊಂಡ ಮಕ್ಕಳ ಸುಳಿವು ಇಲ್ಲಿ ಸಿಗುತ್ತದೆ. 1921ರ ಗಣತಿ ನೂರು ವರ್ಷದ ಗುಟ್ಟು ಮುಗಿದ ಮೇಲೆ 2022ರಲ್ಲಿ ಹೊರಬಂತು. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧ, ಗಣತಿಯೇ ನಡೆಯಲಿಲ್ಲ. ಹಾಗಾಗಿ ನಡುವೆ ಆಸರೆಗೆ ಇರುವುದು 1939ರ ಸೆಪ್ಟೆಂಬರಿನಲ್ಲಿ ಮಾಡಿದ ನಾಗರಿಕರ ಪಟ್ಟಿ ಒಂದೇ.

ಚರ್ಚಿನ ಪುಸ್ತಕ, ಚಾಪೆಲ್ಲಿನ ಪುಸ್ತಕ

ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅಲ್ಲಿಂದ ಮದುವೆ ದಾಖಲೆಯಲ್ಲಿ ಇಬ್ಬರ ಅಪ್ಪಂದಿರ ಹೆಸರು, ಕಸುಬು ಇರುತ್ತದೆ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಪ್ಯಾರಿಷ್ ಚರ್ಚಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪುಸ್ತಕಗಳೇ ಗತಿ.

ಈ ಪುಸ್ತಕಗಳನ್ನು ಇಡಬೇಕು ಎಂದು 1538ರಲ್ಲೇ ಆಜ್ಞೆಯಾಗಿತ್ತು. ವೇಲ್ಸ್‌ನಲ್ಲಿ ಅಷ್ಟು ಹಳೆಯವು ಉಳಿದಿರುವುದು ತೀರಾ ಅಪರೂಪ. ತೇವ, ಇಲಿ, ಬೆಂಕಿ, ಪಾದ್ರಿಯ ಉದಾಸೀನ ಎಲ್ಲ ಸೇರಿ ಕಳೆದವು. 1640 ಮತ್ತು 1650ರ ದಶಕಗಳ ಅಂತರ್ಯುದ್ಧ, ಆಮೇಲಿನ ಗಣರಾಜ್ಯದ ಕಾಲದಲ್ಲಿ ಬಹಳ ಕಡೆ ಖಾಲಿ. ಅದೃಷ್ಟಕ್ಕೆ, ಪ್ರತಿ ವರ್ಷ ಒಂದು ನಕಲನ್ನು ಬಿಷಪ್‌ಗೆ ಕಳಿಸುವ ನಿಯಮವಿತ್ತು. ವೇಲ್ಸ್‌ನಲ್ಲಿ ಉಳಿದಿರುವ ಆ ನಕಲುಗಳು ಹೆಚ್ಚಾಗಿ 1660ರ ದಶಕದಿಂದ ಈಚಿನವು, ಈಗ ಅಬರಿಸ್ಟ್ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಮೂಲ ಪುಸ್ತಕ ಇದ್ದರೂ ನಕಲನ್ನು ನೋಡಿ. ಒಂದರಲ್ಲಿ ಹೊಲಮನೆಯ ಹೆಸರು ಬಿಟ್ಟುಹೋಗಿದ್ದರೆ ಇನ್ನೊಂದರಲ್ಲಿ ಇರಬಹುದು. ಒಂದರಲ್ಲಿ ಇವಾನ್ ಜಾನ್ ಎಂದಿದ್ದವನು ಇನ್ನೊಂದರಲ್ಲಿ ಇವಾನ್ ಜೋನ್ಸ್ ಆಗಿರಬಹುದು.

ಓದುವಾಗ ನೆನಪಿಡಬೇಕಾದ ವರ್ಷಗಳು ಕೆಲವಿವೆ. 1733ರವರೆಗೆ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ ಪಾದ್ರಿಗಳಿದ್ದರು. ಜಾನ್, ಇವಾನ್ ಇಬ್ಬರೂ ಅಲ್ಲಿ ಯೊಹಾನೆಸ್ ಆಗಿರುತ್ತಾರೆ. 1752ಕ್ಕೆ ಮುಂಚೆ ಹೊಸ ವರ್ಷ ಬರುತ್ತಿದ್ದದ್ದು ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1720ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1721. ಇದು ಗೊತ್ತಿಲ್ಲದೆ ಮದುವೆಗೆ ಮೊದಲೇ ಮಗು ಹುಟ್ಟಿತು ಅಂತ ಎಷ್ಟೋ ದಂಪತಿಗಳಿಗೆ ಸುಮ್ನೆ ಕೆಟ್ಟ ಹೆಸರು ತಂದವರಿದ್ದಾರೆ. 1754ರಿಂದ ಮದುವೆಗೆ ಬೇರೆ ಪುಸ್ತಕ, ಅದರಲ್ಲಿ ವಧೂವರರ ಮತ್ತು ಸಾಕ್ಷಿಗಳ ಸಹಿ ಅಥವಾ ಗುರುತು. 1813ರಿಂದ ದೀಕ್ಷಾಸ್ನಾನಕ್ಕೆ ಅಚ್ಚಾದ ಫಾರಂ ಬಂತು, ಅದರಲ್ಲಿ ಮನೆ ಮತ್ತು ಅಪ್ಪನ ಕಸುಬು ಇರುತ್ತದೆ. 1813ಕ್ಕೆ ಮುಂಚಿನ ಒಂದು ಸಾಲು ಬಹಳ ಸಲ 'ಜಾನ್‌ನ ಮಗ ಡೇವಿಡ್' ಎಂಬಷ್ಟಕ್ಕೇ ನಿಂತುಬಿಡುತ್ತದೆ. ಅಮ್ಮನ ಹೆಸರೂ ಇರದ ಪುಸ್ತಕಗಳಿವೆ.

ಆದರೆ ವೇಲ್ಸ್‌ನ ದೊಡ್ಡ ತೊಡಕು ಬೇರೆ. ಜನ ಚರ್ಚಿಗೇ ಹೋಗುತ್ತಿರಲಿಲ್ಲ. 1851ರಲ್ಲಿ ಯಾರು ಎಲ್ಲಿ ಪ್ರಾರ್ಥನೆಗೆ ಹೋಗುತ್ತಾರೆ ಎಂಬ ಎಣಿಕೆಯೂ ನಡೆಯಿತು. ಅಂದು ವೇಲ್ಸ್‌ನಲ್ಲಿ ಪ್ರಾರ್ಥನೆಗೆ ಹೋದವರಲ್ಲಿ ಐವರಲ್ಲಿ ನಾಲ್ವರಷ್ಟು ಜನ ಹೋದದ್ದು ಸರ್ಕಾರದ ಅಧಿಕೃತ ಆಂಗ್ಲಿಕನ್ ಚರ್ಚಿಗಲ್ಲ, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಇಂಡಿಪೆಂಡೆಂಟ್ ಪಂಗಡಗಳ ಸ್ವಂತ ಪ್ರಾರ್ಥನಾ ಮಂದಿರಗಳಾದ ಚಾಪೆಲ್ಲುಗಳಿಗೆ. ಬ್ಯಾಪ್ಟಿಸ್ಟರು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದೇ ಇಲ್ಲ, ದೊಡ್ಡವರಾದ ಮೇಲೆ ಕೊಡುತ್ತಾರೆ. ಕ್ಯಾಲ್ವಿನಿಸ್ಟ್ ಮೆಥಡಿಸ್ಟರು 1811ರಲ್ಲಿ ತಮ್ಮದೇ ಪಾದ್ರಿಗಳನ್ನು ನೇಮಿಸಿಕೊಂಡರು. ಅಲ್ಲಿಯವರೆಗೆ ಅವರ ಮಕ್ಕಳು ಪ್ಯಾರಿಷ್ ಚರ್ಚಿನ ಪುಸ್ತಕದಲ್ಲಿ ಇರುತ್ತಾರೆ, ಆಮೇಲೆ ಕಾಣೆ. ಅಣ್ಣಂದಿರ ದೀಕ್ಷಾಸ್ನಾನ ಚರ್ಚಿನಲ್ಲಿ ಸಿಕ್ಕು ತಮ್ಮಂದಿರದ್ದು ಸಿಗದಿದ್ದರೆ ಕಾರಣ ಇದೂ ಇರಬಹುದು.

ಚಾಪೆಲ್ಲಿನ ಪುಸ್ತಕ ಎಷ್ಟೋ ಸಲ ಪಾದ್ರಿಯ ಸ್ವಂತ ಆಸ್ತಿ. ಊರು ಬಿಟ್ಟಾಗ ಅದೂ ಅವನ ಜೊತೆ ಹೋಯಿತು. 1837ರಲ್ಲಿ ಸರ್ಕಾರ ಇಂಥ ಪುಸ್ತಕಗಳನ್ನು ಕೇಳಿ ತರಿಸಿಕೊಂಡಿತು, ಬಂದವು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕೊಡದೆ ಉಳಿಸಿಕೊಂಡವರೂ ಇದ್ದರು. ಮದುವೆ ಮತ್ತು ಸಾವಿನ ವಿಷಯದಲ್ಲಿ ಮಾತ್ರ ಚಾಪೆಲ್ಲಿನವರೂ ಚರ್ಚಿನಲ್ಲಿ ಸಿಗುತ್ತಾರೆ. 1754ರಿಂದ 1837ರವರೆಗೆ ಕ್ವೇಕರ್ ಪಂಗಡದವರನ್ನು ಮತ್ತು ಯಹೂದ್ಯರನ್ನು ಬಿಟ್ಟು ಎಲ್ಲರೂ ಪ್ಯಾರಿಷ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಚರ್ಚಿನ ಅಂಗಳದಲ್ಲಿ ಹೂಳಿದರೆ 1880ರವರೆಗೂ ಆಂಗ್ಲಿಕನ್ ವಿಧಿಯೇ ನಡೆಯಬೇಕಿತ್ತು.

ಒಂದು ಮನೆಯನ್ನು ಹಿಂಬಾಲಿಸೋಣ

ಇಷ್ಟೆಲ್ಲ ಹೇಳಿದ ಮೇಲೆ ಕೆಲಸ ಹೇಗೆ ಸಾಗುತ್ತದೆ ಎಂದು ತೋರಿಸಬೇಕಲ್ಲ. ಒಂದು ಕಟ್ಟುಕಥೆಯ ಕುಟುಂಬ ಇಟ್ಟುಕೊಳ್ಳೋಣ. ಜನ ಕಲ್ಪಿತ, ತೊಡಕುಗಳು ನಿಜದವು.

1881ರ ಗಣತಿ. ದಕ್ಷಿಣ ವೇಲ್ಸ್‌ನ ರೋಂದ ಕಣಿವೆಯಲ್ಲಿ ಥಾಮಸ್ ಜೋನ್ಸ್, 36, ಕಲ್ಲಿದ್ದಲು ಗಣಿ ಕೆಲಸ, ಹುಟ್ಟಿದ್ದು ಕಾರ್ಡಿಗನ್‌ಶೈರ್‌ನ ಲಾನ್‌ವಿಹಾಂಗೆಲ್. ಹೆಂಡತಿ ಮೇರಿ. ಮಕ್ಕಳು ಮೂವರು. 11 ವರ್ಷದವನು ಕಾರ್ಡಿಗನ್‌ಶೈರ್‌ನಲ್ಲಿ, 7 ವರ್ಷದವಳು ಅಬರ್‌ಡೇರ್‌ನಲ್ಲಿ, 2 ವರ್ಷದವನು ರೋಂದದಲ್ಲಿ ಹುಟ್ಟಿದ್ದಾರೆ. ಮಕ್ಕಳ ಹುಟ್ಟೂರುಗಳೇ ವಲಸೆಯ ನಕ್ಷೆ ಕೊಟ್ಟವು: ಈ ಸಂಸಾರ 1870 ಮತ್ತು 1874ರ ನಡುವೆ ಊರು ಬಿಟ್ಟಿದೆ. ಇದು ನಡೆದದ್ದೇ. ಕಾರ್ಡಿಗನ್‌ಶೈರ್‌ನ ಸೀಸದ ಗಣಿಗಳು ಸೊರಗುತ್ತಿದ್ದಾಗ ಅಲ್ಲಿನ ಜನ ದಕ್ಷಿಣದ ಕಲ್ಲಿದ್ದಲಿನ ಕಡೆ ನಡೆದರು. 1911ರ ಹೊತ್ತಿಗೆ ರೋಂದದ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು.

ಈಗ ಥಾಮಸ್‌ನ ಹುಟ್ಟನ್ನು ನೇರವಾಗಿ ಹುಡುಕಬೇಡಿ. 1844, 1845ರ ಸುತ್ತ ಥಾಮಸ್ ಜೋನ್ಸ್‌ಗಳ ಸಾಲೇ ಸಿಗುತ್ತದೆ. ಬದಲಿಗೆ ಕಿರಿಯ ಮಗುವಿನ ಜನನ ಪತ್ರ ತೆಗೆಸಿ. ಅದರಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ: ಮೇರಿ ಮಾರ್ಗನ್. ಎರಡು ಹೆಸರು ಜೋಡಿಯಾದ ಕೂಡಲೇ ಹುಡುಕಾಟದ ಬಲೆ ಕಿರಿದಾಗುತ್ತದೆ. ದೊಡ್ಡ ಮಗ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಆ ಕಡೆ ಮದುವೆಯಾದ ಥಾಮಸ್ ಜೋನ್ಸ್, ಮೇರಿ ಮಾರ್ಗನ್ ಜೋಡಿ ಸಿಕ್ಕಿತು ಎನ್ನಿ. ಮದುವೆ ಪತ್ರದಲ್ಲಿ ಥಾಮಸ್‌ನ ಅಪ್ಪ ಜಾನ್ ಇವಾನ್ಸ್, ಸೀಸದ ಗಣಿ ಕೆಲಸಗಾರ. ಮನೆ ಪೆನ್ರಿವ್. ಸಾಕ್ಷಿ ಇವಾನ್ ಜೋನ್ಸ್.

ಇಲ್ಲೇ ಬಹಳ ಜನ ಪತ್ರವನ್ನು ಬದಿಗಿಡುತ್ತಾರೆ. ಅಪ್ಪ ಇವಾನ್ಸ್, ಮಗ ಜೋನ್ಸ್, ಇದು ನಮ್ಮವನಲ್ಲ ಅಂತ. ಆದರೆ ಆ ಸೀಮೆಯಲ್ಲಿ ಜಾನ್‌ನ ಮಗ ಜೋನ್ಸ್ ಆಗುವುದು ಸಹಜವೇ. 1861ರ ಗಣತಿಯಲ್ಲಿ ಪೆನ್ರಿವ್ ಎಂಬ ಮನೆಯನ್ನು ಹುಡುಕಿ. ಲಾನ್‌ವಿಹಾಂಗೆಲ್ ಅ ಕ್ರೈದಿನ್‌ನಲ್ಲಿ ಸೀಸದ ಗಣಿಗಳಿದ್ದವು, ಅಲ್ಲಿಂದ ಶುರುಮಾಡಿ. ಜಾನ್ ಇವಾನ್ಸ್, ಹೆಂಡತಿ, 16ರ ಥಾಮಸ್ ಜೋನ್ಸ್, 20ರ ಇವಾನ್ ಜೋನ್ಸ್ ಸಿಗುತ್ತಾರೆ. 1851ರಲ್ಲಿ ಅದೇ ಮನೆ, ಆದರೆ ಮಕ್ಕಳಿಬ್ಬರೂ ಇವಾನ್ಸ್. ಗಣತಿದಾರನ 'ಮೇಲಿನಂತೆ' ಗುರುತಿನ ಕೆಲಸ ಅದು. ಮದುವೆಯ ಸಾಕ್ಷಿ ಅಣ್ಣನೇ ಎಂಬುದೂ ಗೊತ್ತಾಯಿತು.

ಇಷ್ಟಕ್ಕೆ ಮುಗಿಯಲಿಲ್ಲ. ಸುತ್ತಮುತ್ತ ಅದೇ ವರ್ಷಗಳಲ್ಲಿ ಹುಟ್ಟಿದ, ಜಾನ್ ಎಂಬವನ ಮಗನಾದ ಥಾಮಸ್‌ಗಳನ್ನು ಪಟ್ಟಿ ಮಾಡಿ ಒಬ್ಬೊಬ್ಬರನ್ನೇ ತಳ್ಳಿಹಾಕಬೇಕು. ಒಬ್ಬ ಎರಡು ವರ್ಷಕ್ಕೇ ತೀರಿಕೊಂಡಿರುತ್ತಾನೆ. ಇನ್ನೊಬ್ಬ 1881ರಲ್ಲೂ ಹುಟ್ಟೂರಲ್ಲೇ ಉಳುತ್ತಿರುತ್ತಾನೆ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿ ಇದ್ದದ್ದರಿಂದ ಶವಸಂಸ್ಕಾರದ ಪುಸ್ತಕ ನೋಡದೆ ದೀಕ್ಷಾಸ್ನಾನವನ್ನು ನಂಬುವ ಹಾಗಿಲ್ಲ. ಈ ತಳ್ಳಿಹಾಕುವ ಕೆಲಸ ಬೇಜಾರಿನದು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ವಂಶವೃಕ್ಷಗಳಲ್ಲಿ ಕಾಣೆಯಾಗಿರುವುದು ಬಹುಪಾಲು ಇದೇ. ಒಬ್ಬರು ಊಹಿಸಿ ಬರೆದದ್ದನ್ನು ಹತ್ತು ಜನ ನಕಲು ಮಾಡಿರುತ್ತಾರೆ, ಹತ್ತು ಕಡೆ ಇದೆ ಅಂತ ಹನ್ನೊಂದನೆಯವರು ನಂಬುತ್ತಾರೆ.

ಪೆನ್ರಿವ್ ಮನೆ ಸಿಕ್ಕ ಮೇಲೆ ಹಿಂದಕ್ಕೆ ಹೋಗಲು ಬೇರೆ ಬಾಗಿಲುಗಳಿವೆ. 1836ರ ಕಾಯ್ದೆಯ ನಂತರ ಚರ್ಚಿನ ದಶಾಂಶ ತೆರಿಗೆಗಾಗಿ ಪ್ಯಾರಿಷ್‌ಗಳ ನಕ್ಷೆ ಮಾಡಿದರು. ಯಾವ ಹೊಲ ಯಾರದು, ಗೇಣಿಗೆ ಇರುವವರು ಯಾರು ಎಂಬುದು ಅದರಲ್ಲಿದೆ. ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಈ ನಕ್ಷೆಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. 1858ಕ್ಕೆ ಮುಂಚಿನ ಉಯಿಲುಗಳೂ ಅಲ್ಲೇ ಇವೆ. ಉಯಿಲು ಬರೆಯುವುದು ಸಾಹುಕಾರರು ಮಾತ್ರ ಎಂದುಕೊಳ್ಳಬೇಡಿ. ನಾಲ್ಕು ಹಸು, ಹತ್ತು ಕುರಿ ಇದ್ದ ರೈತನೂ ಬರೆಸಿದ್ದಾನೆ. ಮಗಳಿಗೆ ಹಾಸಿಗೆ, ಅಳಿಯನಿಗೆ ನೇಗಿಲು ಎಂದು ಹಂಚುವಾಗ ಸಂಬಂಧಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ. ಹಳೆಯ ಪತ್ರಿಕೆಗಳನ್ನೂ ಅದೇ ಗ್ರಂಥಾಲಯ ಉಚಿತವಾಗಿ ಕೊಡುತ್ತದೆ, ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ. ಚಾಪೆಲ್ಲಿನ ಅಂಗಳದ ಸಮಾಧಿ ಕಲ್ಲುಗಳನ್ನು ಮರೆಯಬೇಡಿ. ಹೊಲಮನೆಯ ಹೆಸರು ಕೆತ್ತಿರುವುದು ಅಲ್ಲಿ ಮಾಮೂಲು. ಮನೆಯ ಹೆಸರೂ ಒಂದೇ ಪ್ಯಾರಿಷ್‌ನಲ್ಲಿ ಎರಡು ಕಡೆ ಇರಬಹುದು ಎಂಬುದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿರಿ.

ಗಂಡಸೊಬ್ಬ ಎರಡು ಗಣತಿಗಳಲ್ಲೂ ಕಾಣಿಸದಿದ್ದರೆ ಸತ್ತ ಎಂದು ಬರೆದುಬಿಡಬೇಡಿ. ಸಮುದ್ರದ ಮೇಲಿದ್ದಿರಬಹುದು, ಅಮೆರಿಕಕ್ಕೋ ದಕ್ಷಿಣ ಅಮೆರಿಕದ ಪ್ಯಾಟಗೋನಿಯಕ್ಕೋ ಹೋಗಿರಬಹುದು, ಸೈನ್ಯದಲ್ಲಿ ಭಾರತಕ್ಕೆ ಬಂದಿರಬಹುದು. ಬೆಂಗಳೂರು ದಂಡುಪ್ರದೇಶದ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲು ಮದ್ರಾಸ್ ಪ್ರೆಸಿಡೆನ್ಸಿಯ ದಾಖಲೆಗಳ ಜೊತೆ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿ ಅವಿವೆ.

ಹಿಂದಕ್ಕೆ ಎಷ್ಟು ದೂರ ಹೋಗಬಹುದು? ಸಾಮಾನ್ಯ ಗೇಣಿದಾರರ ಮನೆಯಾದರೆ 1700ರ ಆಸುಪಾಸಿನಲ್ಲಿ ಹಾದಿ ಹೆಚ್ಚಾಗಿ ಮಸುಕಾಗುತ್ತದೆ. ಜಮೀನ್ದಾರರ ಮನೆತನಗಳಿಗೆ ಹಳೆಯ ವಂಶಾವಳಿ ಪಟ್ಟಿಗಳಿವೆ, ಕೆಲವು ವೇಲ್ಸ್‌ನ ರಾಜರನ್ನು ಮುಟ್ಟಿ, ಅಲ್ಲಿಂದ ಗ್ರೀಕ್ ಪುರಾಣದ ಟ್ರಾಯ್ ನಗರದವರೆಗೂ ಹೋಗುತ್ತವೆ. ಅವನ್ನು ಓದಲು ಚೆಂದ, ನಂಬಲು ಕಷ್ಟ. ನನಗೆ ಅದಕ್ಕಿಂತ ಇಷ್ಟವಾಗುವುದು ಎಸ್ಟೇಟುಗಳ ಗೇಣಿ ಪತ್ರಗಳು. 18ನೇ ಶತಮಾನದಲ್ಲಿ ಮೂರು ಜೀವದ ಗೇಣಿ ಎಂಬ ಪದ್ಧತಿ ಇತ್ತು. ಪತ್ರದಲ್ಲಿ ಮೂವರ ಹೆಸರು ಬರೆಯುತ್ತಾರೆ, ಆ ಮೂವರಲ್ಲಿ ಕೊನೆಯವರು ಸಾಯುವವರೆಗೂ ಹೊಲ ಆ ಮನೆಯದು. ರೈತ ಸಹಜವಾಗಿಯೇ ತನ್ನ ಹೆಸರು, ಹೆಂಡತಿಯ ಹೆಸರು, ಗಟ್ಟಿಮುಟ್ಟಾಗಿರುವ ಒಂದು ಮಗುವಿನ ಹೆಸರು ಬರೆಸುತ್ತಿದ್ದ. ಎಷ್ಟೋ ಪತ್ರಗಳಲ್ಲಿ ಮಗುವಿನ ವಯಸ್ಸೂ ಇರುತ್ತದೆ. ದೀಕ್ಷಾಸ್ನಾನದ ಪುಸ್ತಕ ಇಲಿ ಪಾಲಾಗಿದ್ದರೂ ಈ ಪತ್ರ ಜಮೀನ್ದಾರನ ಪೆಟ್ಟಿಗೆಯಲ್ಲಿ ಭದ್ರವಾಗಿ ಕೂತಿತ್ತು. ಬಾಡಿಗೆ ವಸೂಲಿಯ ಕಾಗದ ನೋಡಿ, ಹಾಗಾಗಿ ಅದನ್ನು ಯಾರೂ ಕಳೆದುಕೊಳ್ಳಲಿಲ್ಲ.